ಕನ್ನಡ ಮ್ಯೂಸಿಕ್ ಮ್ಯಾಗಝೀನ್ ಮಾಡೋಕೆ ಸ್ಕ್ರೈಬಸ್ ಸಾಕಾ? ಕಾಲೇಜ್ ಪ್ರಾಜೆಕ್ಟ್ ಮುಗಿಸಿದ್ಮೇಲೆ ಒಂದು ರಿವ್ಯೂ

ನೇರವಾಗಿ ಹೇಳ್ಬಿಡ್ತೀನಿ. ಜರ್ನಲಿಸಂ ಓದ್ತಿದ್ದೀರಾ, ಸೆಮಿಸ್ಟರ್ ಕೊನೆಗೆ ಪ್ರಾಯೋಗಿಕ ಪತ್ರಿಕೆ ಅಂತ ಒಂದು ಮ್ಯಾಗಝೀನ್ ಮಾಡಿ ಕೊಡ್ಬೇಕು, ಇನ್‌ಡಿಸೈನ್‌ಗೆ (ಪುಟ ಜೋಡಿಸೋ ಅಡೋಬಿ ಸಾಫ್ಟ್‌ವೇರ್) ತಿಂಗಳಾ ತಿಂಗಳಾ ದುಡ್ಡು ಕಟ್ಟೋಕಾಗಲ್ಲ, ಕ್ರ್ಯಾಕ್ ಹಾಕಿ ಲ್ಯಾಪ್‌ಟಾಪ್ ಹಾಳ್ಮಾಡ್ಕೊಳ್ಳೋಕೂ ಇಷ್ಟ ಇಲ್ಲ ಅಂದ್ರೆ ಸ್ಕ್ರೈಬಸ್ ಹಾಕ್ಕೊಳ್ಳಿ, ಇದೂ ಅದೇ ಥರ ಪುಟ ಜೋಡಿಸೋ ಸಾಫ್ಟ್‌ವೇರ್. ಫ್ರೀ, ಓಪನ್ ಸೋರ್ಸ್, ವಿಂಡೋಸ್ ಲಿನಕ್ಸ್ ಮ್ಯಾಕ್ ಮೂರರಲ್ಲೂ ಓಡುತ್ತೆ. ಆದ್ರೆ ಒಂದು ಕಂಡಿಷನ್, 1.6 ಇಲ್ಲಾ ಅದಕ್ಕಿಂತ ಹೊಸ ವರ್ಷನ್ನೇ ಬೇಕು.

ಯಾಕೆ ಅಂದ್ರೆ ಹಳೇ 1.4 ಸರಣಿಲಿ ಕನ್ನಡ ಅನ್ನೋದು ಬರೀ ಗೋಳು. ಒತ್ತಕ್ಷರ ಕೆಳಗೆ ಕೂರೋದೇ ಇಲ್ಲ, ಅರ್ಕಾವತ್ತು ಎಲ್ಲೋ ಹೋಗಿರುತ್ತೆ. 2017ರ 1.5.3ರಲ್ಲಿ ಹಾರ್ಫ್‌ಬಝ್ ಅನ್ನೋ ಎಂಜಿನ್ ಸೇರಿಸಿದ್ರು, ಅಂದ್ರೆ ಅಕ್ಷರ ಜೋಡಿಸೋ ಕೆಲಸ ಮಾಡೋದು ಅದು, ಆಮೇಲೆ 2024ರ ಜನವರಿಲಿ 1.6 ಸ್ಟೇಬಲ್ ಆಗಿ ಬಂತು. ಈಗ ‘ರಾಷ್ಟ್ರೀಯ’, ‘ಕರ್ತೃ’, ‘ಸ್ತ್ರೀ’ ಟೈಪ್ ಮಾಡಿ ನೋಡಿ, ಸರಿಯಾಗೇ ಕೂರುತ್ತೆ. ಯೂಟ್ಯೂಬಲ್ಲಿ ಸಿಗೋ ಟ್ಯುಟೋರಿಯಲ್ ಎಷ್ಟೋ ಹಳೇ ವರ್ಷನ್‌ದು, ಅದ್ರಲ್ಲಿ ಎಫ್2 ಒತ್ತಿ ಫಾಂಟ್ ಬದಲಾಯ್ಸಿ ಅಂತಾರೆ, ಹೊಸದ್ರಲ್ಲಿ ಅಕ್ಷರಕ್ಕೆ ಸಂಬಂಧಪಟ್ಟಿದ್ದೆಲ್ಲ ಎಫ್3ಗೆ ಹೋಗಿದೆ, ಅಷ್ಟು ಗೊತ್ತಿದ್ರೆ ಮೊದಲ ದಿನದ ತಲೆನೋವು ಅರ್ಧ ಕಡ್ಮೆ.

ನಮ್ಮ ಟೀಮ್ ಮೈಸೂರಿನ ಸಂಗೀತದ ಮೇಲೆ 16 ಪುಟದ ಎ4 ಮ್ಯಾಗಝೀನ್ ಮಾಡಿದ್ದು. ಮೊದಲು ‘ಶ್ರುತಿ’ ಅಂತ ಹೆಸರಿಡೋಣ ಅಂದ್ಕೊಂಡ್ವಿ, ನಮ್ಮ ಸರ್ ನಕ್ಕು ‘ಚೆನ್ನೈಯಿಂದ ಆ ಹೆಸರಲ್ಲಿ 1983ರಿಂದ ಒಂದು ಪತ್ರಿಕೆ ಬರ್ತಿದೆ ಕಣ್ರಪ್ಪಾ’ ಅಂದ್ರು. ಕೊನೆಗೆ ‘ಬಿರಡೆ’ ಅಂತಾಯ್ತು, ವೀಣೆ ತಂತಿ ಬಿಗಿ ಮಾಡೋ ಬಿರಡೆ. ಡಿಸೈನ್ ಲೆಕ್ಕದಲ್ಲಿ ಇದು ಲಕ್ಕಿ ಹೆಸರು, ಕೆಳಗೆ ಇಳಿಯೋ ಒತ್ತಕ್ಷರ ಇಲ್ಲ, ಹಾಗಾಗಿ ಮಾಸ್ಟ್‌ಹೆಡ್ಡನ್ನ (ಕವರ್ ಮೇಲೆ ದೊಡ್ಡದಾಗಿ ಬರೋ ಪತ್ರಿಕೆ ಹೆಸರು) ಕವರ್‌ನ ಅಗಲಕ್ಕೂ ಎಳೆದು ಕೂರಿಸ್ಬೋದು. ‘ಶ್ರುತಿ’ ಆಗಿದ್ರೆ ಆ ರ ಒತ್ತು ಕೆಳಗೆ ನೇತಾಡ್ತಾ ಫೋಟೋ ಮೇಲೆ ಬರ್ತಿತ್ತು. ಹೆಸರಿಡೋ ಮುಂಚೆನೇ ದಪ್ಪ ಫಾಂಟಲ್ಲಿ ದೊಡ್ಡದಾಗಿ ಹಾಕಿ ನೋಡಿ.

ಇಂಗ್ಲೆಂಡಲ್ಲಿ ಮೀಡಿಯಾ ಸ್ಟಡೀಸ್ ತಗೊಂಡಿರೋ ಸ್ಕೂಲ್ ಹುಡುಗ್ರಿಗೆ ಮ್ಯೂಸಿಕ್ ಮ್ಯಾಗಝೀನ್ ಮಾಡೋದು ಎಷ್ಟೋ ವರ್ಷ ಕೋರ್ಸ್‌ವರ್ಕ್ ಆಗೇ ಇತ್ತು, ಕವರ್, ಕಂಟೆಂಟ್ಸ್ ಪೇಜ್, ಒಂದು ಡಬಲ್ ಸ್ಪ್ರೆಡ್ (ಎದುರುಬದುರು ಇರೋ ಎರಡು ಪುಟ). ಹುಡುಕಿದ್ರೆ ಅವ್ರ ಕೆಲಸ ರಾಶಿ ಸಿಗುತ್ತೆ, ಎಲ್ಲ ಎನ್‌ಎಂಇ, ಕ್ಯೂ, ಕೆರಾಂಗ್ ಅನ್ನೋ ಅಲ್ಲಿನ ಮ್ಯೂಸಿಕ್ ಮ್ಯಾಗಝೀನ್ ನೋಡಿ ಮಾಡಿರೋದು. (ಎನ್‌ಎಂಇ 2018ರಲ್ಲೇ ವಾರದ ಪ್ರಿಂಟ್ ನಿಲ್ಲಿಸ್ತು, ಕ್ಯೂ 2020ರಲ್ಲಿ ಮುಚ್ಚೋಯ್ತು, ಅದು ಬೇರೆ ಕಥೆ.) ಫೋಟೋ ಎಲ್ಲಿಡ್ಬೇಕು, ಕವರ್ ಲೈನ್ (ಒಳಗೇನಿದೆ ಅಂತ ಕವರ್ ಮೇಲೆ ಹಾಕೋ ಸಾಲು) ಎಷ್ಟಿರ್ಬೇಕು ಅನ್ನೋದಕ್ಕೆ ನೋಡಿ, ಅಕ್ಷರ ಜೋಡಣೆ ಮಾತ್ರ ಕಾಪಿ ಮಾಡ್ಬೇಡಿ. ಅವ್ರದ್ದು ಅರ್ಧ ಆಟ ಕ್ಯಾಪಿಟಲ್ ಲೆಟರ್ ಮೇಲೆ ನಿಂತಿದೆ, ನಮ್ಮಲ್ಲಿ ಕ್ಯಾಪಿಟಲ್ಲೇ ಇಲ್ವಲ್ಲ. ಒಂದು ಪದ ಎತ್ತಿ ತೋರಿಸ್ಬೇಕು ಅಂದ್ರೆ ದಪ್ಪ, ಸೈಝು, ಬಣ್ಣ ಇಷ್ಟೇ ನಮಗಿರೋದು. ಅಕ್ಷರದ ನಡುವೆ ಗ್ಯಾಪ್ ಜಾಸ್ತಿ ಮಾಡಿ ಸ್ಟೈಲ್ ಮಾಡೋಕೂ ಹೋಗ್ಬೇಡಿ, ಕನ್ನಡಕ್ಕೆ ಅದು ಒಗ್ಗಲ್ಲ, ಪದ ಪದದ ಥರ ಕಾಣಲ್ಲ.

ಫಾಂಟ್ ವಿಷಯದಲ್ಲಿ ಈಗ ಬಡತನ ಇಲ್ಲ. ಗೂಗಲ್ ಫಾಂಟ್ಸಲ್ಲಿ ಎಲ್ಲ ಫ್ರೀ. ಲೇಖನದ ಒಳಗಿನ ಅಕ್ಷರಕ್ಕೆ ನಾವು ತಗೊಂಡಿದ್ದು ಟಿರೋ ಕನ್ನಡ, ಹಳೇ ಪುಸ್ತಕದ ಅಚ್ಚಿನ ಗತ್ತು ಅದಕ್ಕೆ ಇದೆ, ಆದ್ರೆ ಬೋಲ್ಡ್ ಇಲ್ಲ, ರೆಗ್ಯುಲರ್ ಮತ್ತೆ ಇಟಾಲಿಕ್ ಅಷ್ಟೆ. ಹೆಡ್ಡಿಂಗಿಗೆ ಅನೇಕ್ ಕನ್ನಡ, ಮಾಸ್ಟ್‌ಹೆಡ್‌ಗೆ ಬಾಲೂ ತಮ್ಮ. ಬಾಲೂ ದುಂಡುದುಂಡಗೆ ಮುದ್ದಾಗಿದೆ, ಆದ್ರೆ ಮೈಸೂರಿನ ಹೆಸರಾಂತ ವೈಣಿಕ ವೀಣೆ ಶೇಷಣ್ಣನವರ ಬಗ್ಗೆ ಇರೋ ಲೇಖನದ ತಲೆ ಮೇಲೆ ಇಟ್ರೆ ಮಕ್ಕಳ ಬರ್ತ್‌ಡೇ ಕಾರ್ಡ್ ಥರ ಕಾಣುತ್ತೆ, ಅಲ್ಲಿ ಬೇಡ. ಡೌನ್‌ಲೋಡ್ ಮಾಡಿದಾಗ ಝಿಪ್ ಒಳಗೆ ‘ಸ್ಟ್ಯಾಟಿಕ್’ ಅಂತ ಫೋಲ್ಡರ್ ಇದ್ರೆ ಅದರೊಳಗಿನ ಫೈಲ್‌ಗಳನ್ನೇ ಇನ್‌ಸ್ಟಾಲ್ ಮಾಡಿ, ವೇರಿಯಬಲ್ ಫಾಂಟ್ (ತೆಳು, ದಪ್ಪ ಎಲ್ಲ ಒಂದೇ ಫೈಲಲ್ಲಿರೋದು) ಸಹವಾಸ ಬೇಡ.

ಲೈನ್ ಸ್ಪೇಸಿಂಗ್‌ನ ಆಟೋಮ್ಯಾಟಿಕ್‌ಗೆ ಬಿಡ್ಬೇಡಿ. ಕನ್ನಡದಲ್ಲಿ ಮೇಲೆ ಗುಣಿತ, ಕೆಳಗೆ ಒತ್ತು, 11 ಪಾಯಿಂಟ್ ಅಕ್ಷರಕ್ಕೆ 16 ಪಾಯಿಂಟ್ ಲೈನ್ ಕೊಟ್ರೆ ಉಸಿರಾಡುತ್ತೆ. ಜಸ್ಟಿಫೈ ಮಾಡೋ (ಸಾಲಿನ ಎರಡೂ ಅಂಚು ಸಮ ಮಾಡೋ) ಆಸೆನೂ ಬಿಡಿ. ನಮ್ಮ ಪದಗಳು ಉದ್ದ, ‘ಸಂಗೀತಗಾರರೊಬ್ಬರಿಗಿಂತಲೂ’ ಅಂತ ಒಂದು ಪದ ಬಂತು ಅಂದ್ರೆ ಮೂರು ಕಾಲಮ್ ಪುಟದಲ್ಲಿ ಒಂದು ಸಾಲು ಹೆಚ್ಚುಕಡ್ಮೆ ಅದೇ ತಿಂದ್ಹಾಕುತ್ತೆ, ಹಿಂದಿನ ಸಾಲಲ್ಲಿ ಉಳಿದಿರೋ ಎರಡು ಪದದ ನಡುವೆ ಬಸ್ ಓಡಿಸ್ಬೋದು. ಎರಡು ಕಾಲಮ್, ಎಡಕ್ಕೆ ಅಲೈನ್, ಮುಗೀತು.

ಈಗ ನಮಗೆ ನಿಜವಾಗ್ಲೂ ಬೆವರಿಳಿಸಿದ್ದು ಅಂದ್ರೆ ಸ್ವರಲಿಪಿ, ಸ್ವರಗಳನ್ನ ಬರೆದಿಡೋ ರೀತಿ. ಮ್ಯೂಸಿಕ್ ಮ್ಯಾಗಝೀನ್ ಅಂದ್ಮೇಲೆ ಕಲಿಯೋರಿಗೆ ಒಂದು ಪುಟ ಇರ್ಲಿ ಅಂತ ಮಾಯಾಮಾಳವಗೌಳ ರಾಗದ ಮೊದಲ ಸರಳೆ (ಹೊಸಬರಿಗೆ ಹೇಳ್ಕೊಡೋ ಸ್ವರಪಾಠ) ಹಾಕೋಕೆ ಹೊರಟ್ವಿ. ಆದಿತಾಳ, ಎಂಟು ಎಣಿಕೆ ನಾಲ್ಕು ಎರಡು ಎರಡು ಅಂತ:

ಸ ರಿ ಗ ಮ | ಪ ದ | ನಿ ಸ ||

ನೋಡೋಕೆ ಏನಿದೆ ಇದ್ರಲ್ಲಿ ಅನ್ಸುತ್ತೆ. ಕೊನೆಯ ‘ಸ’ ತಾರಸ್ಥಾಯಿ (ಮೇಲಿನ ಸ್ಥಾಯಿ), ಅದರ ತಲೆ ಮೇಲೆ ಒಂದು ಚುಕ್ಕೆ ಬೇಕು. ಮಂದ್ರ (ಕೆಳಗಿನ ಸ್ಥಾಯಿ) ಆದ್ರೆ ಕೆಳಗೆ ಚುಕ್ಕೆ. ಎರಡನೇ ಕಾಲ (ದುಪ್ಪಟ್ಟು ವೇಗ) ಅಂದ್ರೆ ಸ್ವರದ ಮೇಲೆ ಗೆರೆ. ಯೂನಿಕೋಡಲ್ಲಿ ಚುಕ್ಕೆ ಹಾಕೋ ಸಂಕೇತ ಇದೆ, ಆದ್ರೆ ಕನ್ನಡ ಫಾಂಟಲ್ಲಿ ಅದಕ್ಕೆ ಜಾಗ ಗುರುತು ಮಾಡಿರ್ಬೇಕಲ್ಲ, ಇಲ್ಲಾಂದ್ರೆ ಚುಕ್ಕೆ ಪಕ್ಕಕ್ಕೆ ಜಾರುತ್ತೆ, ಇಲ್ಲಾ ತಲೆಕಟ್ಟಿಗೇ ಅಂಟ್ಕೊಳ್ಳುತ್ತೆ. ಇದು ಸ್ಕ್ರೈಬಸ್ ತಪ್ಪು ಅನ್ನೋಕಾಗಲ್ಲ, ಯಾವ ಸಾಫ್ಟ್‌ವೇರಲ್ಲಿ ಹಾಕಿದ್ರೂ ಫಾಂಟ್ ಅದೇ ತಾನೇ. ನಾವು ಮಾಡಿದ್ದು ಏನಂದ್ರೆ ಟೇಬಲ್ ಗೀಬಲ್ ಎಲ್ಲ ಬಿಟ್ಟು ಟ್ಯಾಬ್ ಸ್ಟಾಪ್ ಇಟ್ಟು ತಾಳದ ಒಂದೊಂದು ಎಣಿಕೆಗೂ ಸಮ ಅಗಲ ಕೊಟ್ಟು ಸ್ವರ ಕೂರಿಸಿದ್ದು, ಆಮೇಲೆ ಚುಕ್ಕೆಗೆ ಸಣ್ಣ ವೃತ್ತ, ಗೆರೆಗೆ ಲೈನ್ ಟೂಲ್, ಎಲ್ಲ ಬೇರೆ ಲೇಯರಲ್ಲಿ. ಲೇಯರ್ ಲಾಕ್ ಮಾಡೋ ಸೌಲಭ್ಯ ಇರೋದ್ರಿಂದ ಟೆಕ್ಸ್ಟ್ ತಿದ್ದುವಾಗ ಚುಕ್ಕೆ ಅಲ್ಲಾಡಲ್ಲ. ಅಲೈನ್ ಅಂಡ್ ಡಿಸ್ಟ್ರಿಬ್ಯೂಟ್ ಪ್ಯಾನೆಲ್ ಇಲ್ಲಿ ದೇವರು. ಹೇಗೂ ಕೈಕೆಲಸನೇ, ಆದ್ರೆ ಪ್ರಿಂಟಾಗಿ ಬಂದಾಗ ಪಾಠ ಹೇಳೋ ಮೇಡಂ ಒಬ್ರು ಅದನ್ನ ನೋಡಿ ನೇರವಾಗಿ ಹಾಡ್ಕೊಂಡೇ ಹೋದ್ರು, ಅಷ್ಟು ಸಾಕು.

ಕವರ್ ಕಥೆ ವೀಣೆ. ಮೈಸೂರು ಅಂದ್ರೆ ವೀಣೆ ಶೇಷಣ್ಣ (1852-1926) ಇಲ್ದೆ ಆಗಲ್ಲ ಅಲ್ವಾ. ತೊಂದ್ರೆ ಏನು ಅಂದ್ರೆ ವೀಣೆ ಅಡ್ಡಕ್ಕೆ ಉದ್ದ, ಎ4 ಕವರ್ ನಿಲುವಾಗಿ ಉದ್ದ. ಪೂರ್ತಿ ವೀಣೆ ಹಾಕಿದ್ರೆ ಮೇಲೂ ಕೆಳಗೂ ಖಾಲಿ. ಅದಕ್ಕೆ ಕವರ್‌ಗೆ ತುದಿಯ ಯಾಳಿ (ಸಿಂಹದಂಥ ಕಾಲ್ಪನಿಕ ಪ್ರಾಣಿ) ಮುಖದ ಕ್ಲೋಸಪ್ ಇಟ್ಟು, ಪೂರ್ತಿ ವೀಣೆನ 8-9ನೇ ಪುಟದ ಮೇಲೆ ಅಡ್ಡಡ್ಡ ಮಲಗಿಸಿದ್ವಿ. ಮಧ್ಯ ಪಿನ್ ಹೊಡೆಯೋ 16 ಪುಟದ ಪುಸ್ತಕದಲ್ಲಿ 8-9 ಮಾತ್ರ ಒಂದೇ ಹಾಳೆ, ಚಿತ್ರ ಒಡೆಯಲ್ಲ. ಬೇರೆ ಯಾವ ಸ್ಪ್ರೆಡ್ ಆದ್ರೂ ಎಡದ ಅರ್ಧ ಒಂದು ಹಾಳೆ ಬಲದ ಅರ್ಧ ಇನ್ನೊಂದು ಹಾಳೆ, ಒಂದು ಮಿಲಿಮೀಟರ್ ಆಚೀಚೆ ಆದ್ರೂ ವೀಣೆಯ ದಂಡಿ ಮೇಲಿನ 24 ಮೆಟ್ಟಿಲ ಸಾಲು ಮೆಟ್ಟಿಲು ತಪ್ಪಿದ ಹಾಗೆ ಕಾಣುತ್ತೆ. ಅಂದಹಾಗೆ ಪುಟದ ಸಂಖ್ಯೆ ನಾಲ್ಕರ ಗುಣಕದಲ್ಲೇ ಇರ್ಲಿ, 18 ಪುಟ ಅಂತ ಪ್ರೆಸ್‌ಗೆ ಹೋದ್ರೆ ನಗ್ತಾರೆ.

ಯಾಳಿ ತಲೆ ಮಾಸ್ಟ್‌ಹೆಡ್ ಮೇಲೆ ಸ್ವಲ್ಪ ಬರೋ ಹಾಗೆ, ಅಂದ್ರೆ ಅಕ್ಷರದ ಮುಂದೆ ತಲೆ ಇರೋ ಥರ ಮಾಡೋದು ಎಲ್ಲ ಮ್ಯಾಗಝೀನ್‌ನೋರೂ ಮಾಡೋ ಟ್ರಿಕ್ಕು. ಗಿಂಪ್ ಅನ್ನೋ ಫ್ರೀ ಫೋಟೋ ಎಡಿಟರಲ್ಲಿ ಕಟ್ ಮಾಡಿ ಪಿಎನ್‌ಜಿ ತಂದು ಮಾಸ್ಟ್‌ಹೆಡ್ ಮೇಲಿನ ಲೇಯರಲ್ಲಿ ಇಡಿ. ಎಕ್ಸ್‌ಪೋರ್ಟ್ ಮಾಡುವಾಗ ಪಿಡಿಎಫ್ ಎಕ್ಸ್-4 (ಪ್ರೆಸ್‌ಗೆ ಅಂತಲೇ ಇರೋ ಪಿಡಿಎಫ್ ಬಗೆ) ಆರಿಸಿ, ಎಕ್ಸ್-3 ಆರಿಸಿದ್ರೆ ಅದಕ್ಕೆ ಟ್ರಾನ್ಸ್‌ಪರೆನ್ಸಿ, ಅಂದ್ರೆ ಚಿತ್ರದ ಪಾರದರ್ಶಕ ಭಾಗ, ಗೊತ್ತಿಲ್ಲ.

ಫೋಟೋ ಬಗ್ಗೆ ಸ್ಕ್ರೈಬಸ್ ಮಾಡೋ ಒಳ್ಳೇ ಕೆಲಸ ಅಂದ್ರೆ ಪ್ರಿಫ್ಲೈಟ್ ವೆರಿಫೈಯರ್. ಎಕ್ಸ್‌ಪೋರ್ಟ್ ಮುಂಚೆ ಯಾವ ಫೋಟೋ ರೆಸಲ್ಯೂಶನ್ ಕಮ್ಮಿ, ಯಾವ ಫ್ರೇಮಲ್ಲಿ ಟೆಕ್ಸ್ಟ್ ಹಿಡೀದೆ ಉಳ್ಕೊಂಡಿದೆ ಅಂತ ಪಟ್ಟಿ ಕೊಡುತ್ತೆ. ಇಲ್ಲಿ ಎಲ್ಲ ಟೀಮ್‌ಗೂ ಕೈ ಕೊಡೋದು ವಾಟ್ಸಾಪ್. ಫೋಟೋಗ್ರಫಿ ಮಾಡೋ ಫ್ರೆಂಡು ಸಂಗೀತ ಕಚೇರಿ ಫೋಟೋನ ಗ್ರೂಪಿಗೆ ಸುಮ್ನೆ ಹಾಕ್ತಾನೆ, ಅದು ಕುಗ್ಗಿ 1600 ಪಿಕ್ಸೆಲ್ ಆಗಿ ಬಂತು ಅಂದ್ರೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಲೆಕ್ಕದಲ್ಲಿ ಹೆಚ್ಚುಕಡ್ಮೆ ಐದೂಕಾಲು ಇಂಚು ಅಷ್ಟೆ, ಎ4 ಪೂರ್ತಿ ತುಂಬೋಕೆ 2480×3508 ಬೇಕು. ಡಾಕ್ಯುಮೆಂಟ್ ಅಂತ ಕಳ್ಸೋಕೆ ಹೇಳಿ, ಇಲ್ಲಾ ಪೆನ್‌ಡ್ರೈವಲ್ಲಿ ತರಿಸ್ಕೊಳ್ಳಿ. ಇನ್ನೊಂದು, ಬ್ಯಾಂಡ್ ಶೋ ಫೋಟೋಗಳಲ್ಲಿ ಆ ಎಲ್‌ಇಡಿ ನೀಲಿ, ನೇರಳೆ ಲೈಟ್ ಇರುತ್ತಲ್ಲ, ಸ್ಕ್ರೀನಲ್ಲಿ ಹೊಳೆಯೋದು ಸಿಎಂವೈಕೆ (ಅಚ್ಚಿನ ನಾಲ್ಕು ಇಂಕಿನ ಬಣ್ಣ) ಆದ್ಮೇಲೆ ಮಂಕು. ಕಲರ್ ಮ್ಯಾನೇಜ್‌ಮೆಂಟ್ ಆನ್ ಮಾಡಿದ್ರೆ ಆ ಮಂಕು ಮೊದಲೇ ಕಾಣುತ್ತೆ. ನಾವು ಅಂಥ ಎರಡು ಫೋಟೋ ಬ್ಲಾಕ್ ಅಂಡ್ ವೈಟ್ ಮಾಡಿದ್ವಿ, ಚೆನ್ನಾಗೇ ಬಂತು. ಆದ್ರೆ ಸಂಜೆ ಒಂಟಿಕೊಪ್ಪಲ್ ಎಂಟನೇ ಕ್ರಾಸ್ ಗಣಪತಿ ಕಚೇರಿಲಿ ತೆಗೆದಿದ್ದ ಫೋಟೋಗಳು ಹಳದಿ ಬಲ್ಬಿನ ಬೆಳಕು, ಯಾವ ತೊಂದ್ರೆನೂ ಕೊಡ್ಲಿಲ್ಲ.

ಕ್ಯಾನ್ವಾ ಯಾಕೆ ಬೇಡ ಅಂತ ಕೇಳ್ತೀರಾ. ಪೋಸ್ಟರ್‌ಗೆ, ಇನ್‌ಸ್ಟಾ ಪೋಸ್ಟ್‌ಗೆ ನಾನೂ ಅದನ್ನೇ ಬಳಸ್ತೀನಿ. ಆದ್ರೆ 1200 ಪದದ ಸಂದರ್ಶನ ನಾಲ್ಕು ಪುಟಕ್ಕೆ ಹರೀಬೇಕು ಅಂದಾಗ ಅಲ್ಲಿ ಒಂದು ಬಾಕ್ಸಿಂದ ಇನ್ನೊಂದಕ್ಕೆ ಟೆಕ್ಸ್ಟ್ ತಾನಾಗೇ ಹರಿಯಲ್ಲ, ನಡುವೆ ಎರಡು ಸಾಲು ಕಟ್ ಮಾಡಿದ್ರೆ ಎಲ್ಲ ಬಾಕ್ಸೂ ಕೈಯಲ್ಲಿ ಕಾಪಿ ಪೇಸ್ಟ್. ಸ್ಕ್ರೈಬಸಲ್ಲಿ ಫ್ರೇಮ್ ಲಿಂಕ್ ಮಾಡಿ ಮರೆತುಬಿಡಿ. ಮಾಸ್ಟರ್ ಪೇಜಲ್ಲಿ (ಎಲ್ಲ ಪುಟಕ್ಕೂ ಅನ್ವಯಿಸೋ ಮಾದರಿ ಪುಟ) ಪುಟಸಂಖ್ಯೆ ಒಂದ್ಸಲ ಇಟ್ರೆ ಆಯ್ತು. ಪ್ಯಾರಾಗ್ರಾಫ್ ಸ್ಟೈಲ್ ಮಾಡ್ಕೊಂಡ್ರೆ ಕೊನೆ ಗಳಿಗೆಲಿ ಸರ್ ‘ಅಕ್ಷರ ಸ್ವಲ್ಪ ದೊಡ್ಡದಿರ್ಲಿ’ ಅಂದ್ರೂ ಒಂದೇ ಕಡೆ ಬದಲಾಯ್ಸಿದ್ರೆ ಸಾಕು.

ಇನ್ನು ಸ್ಕ್ರೈಬಸ್‌ನ ಬೈಯೋ ಜಾಗಕ್ಕೆ ಬರೋಣ. ನೋಡೋಕೆ ಹಳೇ ಕಾಲದ್ದು, ಎಲ್ಲ ಪ್ಯಾನೆಲ್ ತೇಲ್ತಾ ಇರುತ್ತೆ, ಚಿಕ್ಕ ಲ್ಯಾಪ್‌ಟಾಪ್ ಸ್ಕ್ರೀನಲ್ಲಿ ಪುಟಾನೇ ಕಾಣಲ್ಲ. ಬುಕ್‌ಲೆಟ್ ಕ್ರಮಕ್ಕೆ ಪುಟ ಜೋಡಿಸೋ ಆಪ್ಷನ್ ಇಲ್ಲ, ಡಮ್ಮಿ (ಮಡಚಿ ನೋಡೋ ಮಾದರಿ ಪ್ರತಿ) ತೆಗೆಯೋಕೆ ಅಕ್ರೋಬ್ಯಾಟ್ ರೀಡರ್‌ನ ಬುಕ್‌ಲೆಟ್ ಪ್ರಿಂಟ್ ಬಳಸ್ಬೇಕು. ಇನ್‌ಡಿಸೈನ್ ಫೈಲ್ ನೇರ ತೆರೆಯಲ್ಲ, ಐಡಿಎಂಎಲ್ ಅನ್ನೋ ಬಗೆಯ ಫೈಲ್ ಆಗಿ ಎಕ್ಸ್‌ಪೋರ್ಟ್ ಮಾಡಿಸ್ಕೊಂಡು ತರ್ಬೇಕು. ಇಬ್ರು ಒಟ್ಟಿಗೆ ಒಂದೇ ಫೈಲಲ್ಲಿ ಕೂತು ಕೆಲಸ ಮಾಡೋದಂತೂ ಮರೆತೇಬಿಡಿ.

ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ನುಡಿ ವಿಷಯ ಹೇಳ್ಲೇಬೇಕು. ನಮಗೆ ಲೇಖನ ಬರ್ಕೊಟ್ಟ ಹಿರಿಯರೊಬ್ರು ಹಳೇ ನುಡಿ ಫಾಂಟಲ್ಲೇ ಟೈಪ್ ಮಾಡ್ಸಿ ಕಳ್ಸಿದ್ರು, ಯೂನಿಕೋಡ್ ಅಲ್ಲ. ಫಾಂಟ್ ಬದಲಾಯ್ಸಿದ ಕೂಡ್ಲೇ ಎಲ್ಲ ಇಂಗ್ಲಿಷ್ ಅಕ್ಷರದ ಕಿಚಡಿ. ಕನ್ವರ್ಟರ್ ಇದೆ, ಹಾಕಿ, ಆದ್ರೆ ಹಾಕಿದ್ಮೇಲೆ ಒಂದ್ಸಲ ಪೂರ್ತಿ ಓದಿ, ಅರ್ಕಾವತ್ತು ಮತ್ತೆ ಅಂಕಿಗಳನ್ನ ಮುಖ್ಯವಾಗಿ.

ಪ್ರೆಸ್ ಬಗ್ಗೆ, ಹೆಸರು ಬೇಡ. ಮೊದಲು ಹೋದ ಅಂಗಡಿಲಿ ಅಣ್ಣ ಒಬ್ರು ಇನ್ನೂ ಪೇಜ್‌ಮೇಕರ್ 7ರಲ್ಲೇ ಕೆಲಸ ಮಾಡ್ತಾರೆ, 2001ರ ಸಾಫ್ಟ್‌ವೇರ್ ಅದು, ಮದುವೆ ಕರೆಯೋಲೆಗೆ ಅದೇ ಸಾಕು ಬಿಡಿ. ನಮ್ಮ ಪಿಡಿಎಫ್‌ನ ಕೋರೆಲ್‌ಡ್ರಾದಲ್ಲಿ (ಚಿತ್ರ ಬಿಡಿಸೋ ಸಾಫ್ಟ್‌ವೇರ್) ತೆರೆದು ‘ಅಕ್ಷರ ಎಲ್ಲ ಚೆಲ್ಲಾಪಿಲ್ಲಿ ಆಗಿದೆ ನೋಡಿ, ನಿಮ್ ಫೈಲೇ ಸರಿ ಇಲ್ಲ’ ಅಂದ್ರು. ಫೈಲ್ ಸರಿ ಇತ್ತು, ಪಿಡಿಎಫ್‌ನ ಕೋರೆಲ್‌ಡ್ರಾದಲ್ಲಿ ಇಂಪೋರ್ಟ್ ಮಾಡೋದೇ ತಪ್ಪು, ನೇರ ಪ್ರಿಂಟ್ ಕೊಡ್ಬೇಕು. ಒಪ್ಲಿಲ್ಲ, ಅಡ್ವಾನ್ಸ್ ವಾಪಸ್ ಕೊಡೋಕೂ ಸತಾಯಿಸಿದ್ರು. ಎರಡನೇ ಕಡೆ ಡಿಜಿಟಲ್ ಪ್ರಿಂಟ್‌ನೋರು ಫಾಂಟ್ ಎಂಬೆಡ್ ಆಗಿದ್ಯಾ (ಫೈಲ್ ಒಳಗೇ ಸೇರಿದ್ಯಾ), ಬ್ಲೀಡ್ (ಕತ್ತರಿಸೋ ಅಂಚಿನಾಚೆ ಬಿಡೋ ಹೆಚ್ಚುವರಿ ಭಾಗ) 3 ಮಿಲಿಮೀಟರ್ ಇದ್ಯಾ ಅಂತ ಎರಡೇ ಪ್ರಶ್ನೆ ಕೇಳಿ ಮಷಿನ್‌ಗೆ ಕಳ್ಸಿದ್ರು. ಪೂರ್ತಿ ಆರ್ಡರ್ ಕೊಡೋ ಮುಂಚೆ ಒಂದು ಕಾಪಿ ತೆಗೆಸಿ ಎದುರಿಗೇ ಮಡಚಿ ನೋಡಿ, ಪಿನ್ ಹತ್ರ ಟೆಕ್ಸ್ಟ್ ನುಂಗ್ತಿದ್ರೆ ಆಗ್ಲೇ ಗೊತ್ತಾಗುತ್ತೆ.

ರೇಟಿಂಗ್ ಕೇಳಿದ್ರೆ ಕನ್ನಡ ಜೋಡಣೆಗೆ ಐದಕ್ಕೆ ನಾಲ್ಕೂವರೆ, ಬಳಸೋ ಸುಲಭಕ್ಕೆ ಎರಡೂವರೆ, ಬೆಲೆಗೆ ಏನೂ ಹೇಳೋಹಾಗಿಲ್ಲ. ಇನ್‌ಡಿಸೈನ್ ಕಾಲೇಜ್ ಲ್ಯಾಬಲ್ಲೇ ಇದ್ರೆ ಅದನ್ನೇ ಬಳಸಿ, ಪ್ಯಾರಾಗ್ರಾಫ್ ಸೆಟ್ಟಿಂಗಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆನ್ ಮಾಡ್ಕೊಳ್ಳೋದು ಮರೀಬೇಡಿ, ಇಲ್ಲಾಂದ್ರೆ ಅಷ್ಟು ದುಬಾರಿ ಸಾಫ್ಟ್‌ವೇರಲ್ಲೂ ಒತ್ತಕ್ಷರ ಒಡೆದೇ ಬರುತ್ತೆ.