ಗೋಧಿ ಬಿಯರ್, ಅದೂ ಸ್ಟ್ರಾಂಗ್: ಮೂರು ಬಾಟಲಿ ಎದುರುಬದುರು

ಬೆಂಗಳೂರಿನಲ್ಲಿ ಬಿಯರ್ ಕುಡಿಯುವವರಲ್ಲಿ ಎರಡು ಪಂಗಡ. ಒಂದು ಪಂಗಡ ವೈನ್ ಶಾಪ್‌ನಿಂದ 650 ಎಂ.ಎಲ್. ಸ್ಟ್ರಾಂಗ್ ಬಾಟಲಿ ತಂದು, ಕೈ ಮರಗಟ್ಟುವಷ್ಟು ತಣ್ಣಗಿರುವಾಗಲೇ ಮುಗಿಸುತ್ತದೆ. ರುಚಿ ಗಿಚಿ ಅಂತೆಲ್ಲ ಅವರನ್ನು ಕೇಳಬಾರದು. ಇನ್ನೊಂದು ಪಂಗಡ ಇಂದಿರಾನಗರದ ಮೈಕ್ರೋಬ್ರೂವರಿಯಲ್ಲಿ ಕೂತು ‘ಬೆಲ್ಜಿಯನ್ ವಿಟ್’ ಎಂಬ ಗೋಧಿ ಬಿಯರ್ ತರಿಸಿಕೊಳ್ಳುತ್ತದೆ. ಮಬ್ಬು ಹಳದಿ ಬಣ್ಣ, ಕಿತ್ತಳೆ ಸಿಪ್ಪೆಯ ಘಮ, ಶೇ. 5ರ ಆಸುಪಾಸು ಆಲ್ಕೋಹಾಲ್. ಆ ಘಮವೂ ಈ ಸ್ಟ್ರಾಂಗೂ ಒಂದೇ ಲೋಟದಲ್ಲಿ ಸಿಗುತ್ತೆ ಅಂದರೆ ಎರಡೂ ಪಂಗಡದವರು ನಂಬೋದಿಲ್ಲ.

ಸಿಗುತ್ತೆ. ನಾನಿರುವ ಮಾಂಟ್ರಿಯಲ್‌ನಲ್ಲಿ ಅಂಥದ್ದು ಬೀದಿ ಮೂಲೆಯ ದೆಪನ್ನರ್‌ನಲ್ಲೇ ಇರುತ್ತದೆ. ದೆಪನ್ನರ್ ಅಂದರೆ ಹಾಲು, ಬ್ರೆಡ್ಡು, ಲಾಟರಿ ಟಿಕೆಟ್ಟು ಜೊತೆಗೆ ಬಿಯರನ್ನೂ ಮಾರುವ ಚಿಕ್ಕ ಅಂಗಡಿ. ಅಲ್ಲಿಂದ ತಂದದ್ದು ‘ದೋಂ ದ ದ್ಯೂ’, ಶೇ. 9. ಇದರ ಎದುರಿಗೆ ನಿಲ್ಲಿಸಲು ಆಮದು ಬಿಯರ್ ಅಂಗಡಿಯಿಂದ ಇನ್ನೆರಡು ತಂದೆ. ಬೆಲ್ಜಿಯಂನ ‘ಟ್ರಿಪಲ್ ಕಾರ್ಮೆಲೀಟ್’, ಶೇ. 8.4. ಜರ್ಮನಿಯ ‘ಶ್ನೈಡರ್ ಅವೆಂಟಿನಸ್’, ಶೇ. 8.2. ಮೂರರಲ್ಲೂ ಗೋಧಿ ಇದೆ, ಮೂರೂ ಸ್ಟ್ರಾಂಗ್. ಅಷ್ಟು ಬಿಟ್ಟರೆ ಬೇರೆ ಹೋಲಿಕೆ ಕಮ್ಮಿ. ಆ ಜಗಳ ನೋಡೋಣ ಅಂತಲೇ ತಂದದ್ದು.

ಅಳತೆಗೋಲು ಅಂತ ಒಂದು ಮಾಮೂಲಿ ವಿಟ್ ಕೂಡ ಇಟ್ಟುಕೊಂಡಿದ್ದೆ: ‘ಬ್ಲಾಂಶ್ ದ ಶಾಂಬ್ಲಿ’, ಶೇ. 5. ಇದು ಮತ್ತು ದೋಂ ದ ದ್ಯೂ ಎರಡೂ ಯೂನಿಬ್ರೂ ಎಂಬ ಒಂದೇ ಬ್ರೂವರಿಯವು. ಮಾಂಟ್ರಿಯಲ್‌ನಿಂದ ಸುಮಾರು 30 ಕಿ.ಮೀ. ದೂರದ ಶಾಂಬ್ಲಿ ಊರಿನದು. ರಿಶೆಲ್ಯೂ ನದಿ ದಡದಲ್ಲಿ ಫ್ರೆಂಚರು ಕಟ್ಟಿದ ಹಳೇ ಕಲ್ಲಿನ ಕೋಟೆ ಇದೆಯಲ್ಲ, ಅದೇ ಊರು. ಬ್ಲಾಂಶ್ 1992ರಲ್ಲಿ ಬಂತು. ಬ್ರೂವರಿ ಈಗ ಜಪಾನಿನ ಸಪ್ಪೋರೊ ಕೈಯಲ್ಲಿದೆ. ಆದರೂ ಇಲ್ಲಿನ ಜನ ಅದನ್ನು ತಮ್ಮದೇ ಅಂತ ಅಂದುಕೊಳ್ಳುತ್ತಾರೆ. ದೋಂ ದ ದ್ಯೂ ಲೇಬಲ್ ಮೇಲೆ ಒಂದು ಹಡಗಿದೆ. 1608ರಲ್ಲಿ ಫ್ರೆಂಚ್ ನಾವಿಕ ಶಾಂಪ್ಲೇನ್ ಕ್ವಿಬೆಕ್ ನಗರವನ್ನು ಸ್ಥಾಪಿಸಲು ಬಂದ ಹಡಗಿನ ಹೆಸರೇ ಬಿಯರ್‌ಗೂ. ಆ ಹಡಗು ನಗರದ ಲಾಂಛನದಲ್ಲೂ ಇದೆ.

ವಿಟ್ ಬಿಯರಿನ ಮೂಲ ಮಾತ್ರ ಇಲ್ಲಿನದಲ್ಲ. ಬೆಲ್ಜಿಯಂನ ಹೂಗಾರ್ಡನ್ ಊರಲ್ಲಿ ಇದನ್ನು ತಯಾರಿಸುತ್ತಿದ್ದ ಕೊನೆಯ ಬ್ರೂವರಿ 1957ರಲ್ಲಿ ಬಾಗಿಲು ಹಾಕಿತು. ಅಲ್ಲಿಗೆ ಕತೆ ಮುಗಿಯಬೇಕಿತ್ತು. ಹಾಲು ಮಾರುತ್ತಿದ್ದ ಪಿಯರ್ ಸೆಲಿಸ್ ಎಂಬಾತ 1966ರಲ್ಲಿ ಮತ್ತೆ ಶುರು ಮಾಡಿದ. ಮಾಲ್ಟ್ ಮಾಡದ, ಅಂದರೆ ಮೊಳಕೆ ಬರಿಸಿ ಒಣಗಿಸದ, ಹಸಿ ಗೋಧಿ, ಬಾರ್ಲಿ ಮಾಲ್ಟ್, ಕೊತ್ತಂಬರಿ ಬೀಜ, ಒಣಗಿಸಿದ ಕಹಿ ಕಿತ್ತಳೆ ಸಿಪ್ಪೆ. ಇವತ್ತು ಶಾಂಬ್ಲಿಯಲ್ಲಾಗಲಿ ಇಂದಿರಾನಗರದಲ್ಲಾಗಲಿ ಲೋಟಕ್ಕೆ ಬೀಳುವ ವಿಟ್‌ಗೆಲ್ಲ ಆತನೇ ದಾರಿ ಹಾಕಿಕೊಟ್ಟವನು.

ಶೇ. 5ರ ವಿಟ್ಟನ್ನು ಶೇ. 9ಕ್ಕೆ ಏರಿಸುವುದು ಸುಮ್ನೆ ಕಾಳು ಜಾಸ್ತಿ ಸುರಿಯುವ ಕೆಲಸವಲ್ಲ. ಕಾಳು ಜಾಸ್ತಿಯಾದರೆ ಸಿಹಿ ಜಾಸ್ತಿ, ಮೈ ದಪ್ಪ, ಕೊನೆಗೆ ಗಂಟಲಲ್ಲಿ ಆಲ್ಕೋಹಾಲಿನ ಉರಿ. ಅದನ್ನು ತಪ್ಪಿಸಲು ಯೂನಿಬ್ರೂದವರು ಬಾಟಲಿಯೊಳಗೇ ಇನ್ನೊಂದು ಸಲ ಹುದುಗಿಸುತ್ತಾರೆ. ಯೀಸ್ಟು ಉಳಿದ ಸಕ್ಕರೆ ತಿನ್ನುತ್ತದೆ, ಗ್ಯಾಸ್ ಬಾಟಲಿಯಲ್ಲೇ ಕೂಡುತ್ತದೆ. ಆ ಗ್ಯಾಸು ನಾಲಿಗೆ ಮೇಲೆ ಚಿಟಿಚಿಟಿ ಅನ್ನುವುದರಿಂದ ದಪ್ಪ ಬಿಯರೂ ಹಗುರ ಅನ್ನಿಸುತ್ತದೆ. ಗೋಧಿಯ ಪ್ರೋಟೀನು ನೊರೆ ಹಿಡಿದಿಡುತ್ತದೆ, ಬಾಯಿಗೆ ನುಣುಪು ಕೊಡುತ್ತದೆ, ಉರಿಯನ್ನು ಮುಚ್ಚುತ್ತದೆ. ನನ್ನ ಪ್ರಕಾರ ಸ್ಟ್ರಾಂಗ್ ಗೋಧಿ ಬಿಯರಿನ ಪರೀಕ್ಷೆ ಇಲ್ಲೇ ಇರೋದು. ಎಷ್ಟು ಏರುತ್ತೆ ಅನ್ನೋದು ಮುಖ್ಯವಲ್ಲ. ಅಷ್ಟೊಂದು ಆಲ್ಕೋಹಾಲ್ ಇಟ್ಟುಕೊಂಡೂ ವಿಟ್‌ನ ಘಮ ಉಳಿಸಿಕೊಂಡಿದೆಯಾ ಅನ್ನೋದು ಮುಖ್ಯ.

ಫ್ರಿಜ್ಜಿನಿಂದ ತೆಗೆದ ತಕ್ಷಣ ಮೂರನ್ನೂ ಒಂದೊಂದು ಗುಟುಕು ಕುಡಿದೆ. ಮೂರೂ ಹೆಚ್ಚುಕಮ್ಮಿ ಒಂದೇ! ತಣ್ಣಗೆ, ಸ್ವಲ್ಪ ಸಿಹಿ, ಗ್ಯಾಸು. ಬಣ್ಣ ನೋಡದಿದ್ದರೆ ಗುರುತು ಹಿಡಿಯೋದೇ ಕಷ್ಟ. ಚಳಿಗೆ ನಾಲಿಗೆ ಜೋಮು ಹಿಡಿಯುತ್ತೆ, ಘಮ ಮೇಲೇಳೋದಿಲ್ಲ. ಮೇಜಿನ ಮೇಲೆ ಸ್ವಲ್ಪ ಹೊತ್ತು ಬಿಟ್ಟು, ಸುಮಾರು 10 ಡಿಗ್ರಿಗೆ ಬಂದ ಮೇಲೆ ಒಂದೊಂದರದೂ ಬಣ್ಣ ಬಯಲಾಯಿತು. ಇಲ್ಲಿಂದ ಮುಂದೆ ಹೇಳುವುದೆಲ್ಲ ಆ ಹದದ ಮಾತು.

ಮೊದಲು ದೋಂ ದ ದ್ಯೂ. ಯೂನಿಬ್ರೂದವರು ಪೂರ್ತಿ ಸೋಸುವುದಿಲ್ಲ. ಹಾಗಾಗಿ ತಳದಲ್ಲಿ ಯೀಸ್ಟಿನ ಗಷ್ಟು ಕೂತಿರುತ್ತೆ. ಮುಕ್ಕಾಲು ಬಗ್ಗಿಸಿ, ಉಳಿದದ್ದನ್ನು ಬಾಟಲಿಯಲ್ಲೇ ಮೆಲ್ಲಗೆ ತಿರುಗಿಸಿ ಸುರಿದೆ. ಹೊಂಬಣ್ಣಕ್ಕೆ ಮಬ್ಬು ಕವಿಯಿತು. ಮೂಗಿಗೆ ಮೊದಲು ಬಂದದ್ದು ವೆನಿಲ್ಲಾ, ಹಿಂದೆಯೇ ಕಿತ್ತಳೆ, ಆಮೇಲೆ ಮಸಾಲೆ. ಈ ಮಸಾಲೆ ನನಗೆ ಗೊತ್ತಿರುವುದೇ ಅಲ್ವಾ ಅನ್ನಿಸಿ, ಅಡುಗೆಮನೆಯ ಡಬ್ಬದಿಂದ ನಾಲ್ಕು ಕಾಳು ಕೊತ್ತಂಬರಿ ಬೀಜ ತಂದು ಬೆರಳಲ್ಲಿ ನುರಿದೆ. ಊರಿಂದ ತಂದ ಉದ್ದನೆ ಕಾಳು ಒಂದು ಕಡೆ, ಇಲ್ಲಿನ ಅಂಗಡಿಯ ದುಂಡನೆ ಸಣ್ಣ ಕಾಳು ಇನ್ನೊಂದು ಕಡೆ. ಹುರಿಯದೆ ಹಸಿಯಾಗಿ ನುರಿದರೆ ಊರಿನ ಕಾಳಿನಲ್ಲಿ ನಿಂಬೆಯ ವಾಸನೆ ಮುಂದು. ದುಂಡನೆಯದರಲ್ಲಿ ಅದಿಲ್ಲ, ಒಣ ಮರದ ವಾಸನೆ. ಲೋಟ ಒಂದು ಕೈ, ನುರಿದ ಬೆರಳು ಒಂದು ಕೈ, ಮೂಸುತ್ತಾ ಕೂತೆ. ಬ್ಲಾಂಶ್‌ನಲ್ಲಿ ಈ ಘಮ ಮೇಲೇ ತೇಲುತ್ತಿರುತ್ತೆ. ದೋಂ ದ ದ್ಯೂನಲ್ಲಿ ನುಂಗಿದ ಮೇಲೆ ಮೂಗಿನ ಹಿಂಭಾಗದಿಂದ ಬರುತ್ತೆ, ಆದರೆ ಬಹಳ ಹೊತ್ತು ಇರುತ್ತೆ. ಸಾರಿನ ಪುಡಿ ಮಾಡಿ ಗೊತ್ತಿರುವವರಿಗೆ ಇದನ್ನು ಹಿಡಿಯೋದು ಸುಲಭ.

ರುಚಿಯಲ್ಲಿ ಜೇನಿನಂಥ ಸಿಹಿ ಇದೆ, ಅದರ ಬೆನ್ನಿಗೇ ಒಂದು ಸಣ್ಣ ಕಹಿ. ಹೇರಳೆಕಾಯಿ ಸಿಪ್ಪೆ ಕಡಿದಾಗ ಬರುವ ಜಾತಿಯ ಕಹಿ. ಅದೇ ಈ ಬಿಯರನ್ನು ಕಾಪಾಡುವುದು. ಇಲ್ಲದಿದ್ದರೆ ಅರ್ಧ ಲೋಟಕ್ಕೇ ಸಾಕಾಗುತ್ತಿತ್ತು. ಲೋಟ ಇನ್ನೂ ಬೆಚ್ಚಗಾದರೆ ಶೇ. 9 ತನ್ನ ಹಾಜರಿ ಹಾಕುತ್ತೆ. ಎದೆಯಲ್ಲಿ ಬಿಸಿ ಗೊತ್ತಾಗುತ್ತೆ.

ಕಾರ್ಮೆಲೀಟ್ ಬೇರೆಯೇ ಗತ್ತು. ಬಾರ್ಲಿ, ಗೋಧಿ, ಓಟ್ಸ್ ಮೂರೂ ಹಾಕಿದ ಬಿಯರಿದು, ಬುಗ್ಗೆನ್‌ಹೌಟ್‌ನ ಬೊಸ್ಟೀಲ್ಸ್ ಬ್ರೂವರಿಯದು. 1679ರಲ್ಲಿ ಡೆಂಡರ್‌ಮೊಂಡೆಯ ಕಾರ್ಮೆಲೈಟ್ ಸನ್ಯಾಸಿಗಳು ಬಳಸುತ್ತಿದ್ದ ಪಾಕವಿಧಾನ ಅಂತ ಅವರು ಹೇಳಿಕೊಳ್ಳುತ್ತಾರೆ. ಬಿಯರ್ ಮಾರುಕಟ್ಟೆಗೆ ಬಂದದ್ದು ಮಾತ್ರ 1996ರಲ್ಲಿ. 1679 ಅಂತ ಓದಿ ಕೈ ಮುಗಿಯುವ ಅಗತ್ಯ ಇಲ್ಲ. 2016ರಿಂದ ಬ್ರೂವರಿ ಎಬಿ ಇನ್‌ಬೆವ್ ಎಂಬ ದೈತ್ಯ ಕಂಪನಿಯದು, ಅಂದರೆ ಹೂಗಾರ್ಡನ್‌ನ ಮಾಲೀಕರದೇ.

ಬಗ್ಗಿಸಿದರೆ ನೊರೆ ಏಳುವ ಚೆಂದಕ್ಕೇ ಕಾಸು ವಸೂಲು. ಈಗಷ್ಟೇ ಕರೆದ ನೊರೆಹಾಲಿನ ಹಾಗೆ ದಟ್ಟ, ಬೆಳ್ಳಗೆ. ಕುಡಿದಷ್ಟೂ ಲೋಟದ ಒಳಗೋಡೆಗೆ ಒಂದೊಂದು ಗುಟುಕಿಗೆ ಒಂದೊಂದು ಬಳೆ ಅಂಟಿಕೊಳ್ಳುತ್ತಾ ಹೋಯಿತು. ಘಮದಲ್ಲಿ ಮಾಗಿದ ಬಾಳೆ, ವೆನಿಲ್ಲಾ, ಸ್ವಲ್ಪ ನಿಂಬೆ. ಆಲ್ಕೋಹಾಲ್ ಎಲ್ಲಿದೆ ಅಂತ ಹುಡುಕಬೇಕು. ಶೇ. 8.4 ಅಂತ ಲೇಬಲ್ ಹೇಳದಿದ್ದರೆ 6 ಅಂತ ಒಪ್ಪಿಕೊಳ್ಳುತ್ತಿದ್ದೆ. ಕೈಚಳಕಕ್ಕೆ ಮಾರ್ಕ್ಸ್ ಕೊಡುವುದಾದರೆ ಇದಕ್ಕೇ ಮೊದಲ ಸ್ಥಾನ, ಅನುಮಾನವಿಲ್ಲ. ಆದರೆ ನನ್ನ ತಕರಾರು ಒಂದಿದೆ. ಗೋಧಿ ಇಲ್ಲಿ ಪಕ್ಕವಾದ್ಯ. ನುಣುಪು ಕೊಟ್ಟು ಹಿಂದೆ ಸರಿಯುತ್ತೆ. ವಿಟ್ ಕುಡಿದೆ ಅನ್ನೋ ಭಾವನೆ ಬರೋದಿಲ್ಲ. ಒಳ್ಳೇ ಟ್ರಿಪಲ್, ಅಂದರೆ ಬೆಲ್ಜಿಯಂ ಶೈಲಿಯ ಹೊಂಬಣ್ಣದ ಸ್ಟ್ರಾಂಗ್ ಬಿಯರ್, ಕುಡಿದೆ ಅನ್ನಿಸುತ್ತೆ, ಅಷ್ಟೇ.

ಅವೆಂಟಿನಸ್ ಬೆಲ್ಜಿಯಂ ಜಾತಿಗೇ ಸೇರಿದ್ದಲ್ಲ. ಇದನ್ನು ಯಾಕೆ ತಂದೆ ಅಂದರೆ, ಸ್ಟ್ರಾಂಗ್ ಗೋಧಿ ಬಿಯರ್ ವಿಷಯ ಬಂದಾಗ ಜರ್ಮನರನ್ನು ಬಿಟ್ಟು ಮಾತಾಡೋದು ನ್ಯಾಯ ಅಲ್ಲ. 1516ರ ಬವೇರಿಯಾದ ಬಿಯರ್ ಕಾನೂನಿನಲ್ಲಿ ಬಾರ್ಲಿ, ಹಾಪ್ಸ್ ಎಂಬ ಕಹಿ ಹೂವು, ನೀರು ಮಾತ್ರ. ಗೋಧಿ ಬಿಯರ್ ಬಹಳ ಕಾಲ ಅರಸು ಮನೆತನದ ಸೊತ್ತಾಗಿತ್ತು. ಎರಡನೇ ಲುಡ್ವಿಗ್ ರಾಜನಿಂದ ಗೇಯಾರ್ಗ್ ಶ್ನೈಡರ್ 1872ರಲ್ಲಿ ಆ ಹಕ್ಕು ಪಡೆದುಕೊಂಡ. ಅವೆಂಟಿನಸ್ ಬಂದದ್ದು 1907ರಲ್ಲಿ. ಇಲ್ಲಿ ಹಸಿ ಗೋಧಿ ಇಲ್ಲ, ಮಾಲ್ಟ್ ಮಾಡಿದ ಗೋಧಿ, ಅದೂ ಅರ್ಧಕ್ಕೆ ಕಮ್ಮಿ ಇರುವಂತಿಲ್ಲ. ಕೊತ್ತಂಬರಿ, ಕಿತ್ತಳೆ ಯಾವುದೂ ಹಾಕುವಂತಿಲ್ಲ. ಆದರೂ ಲೋಟಕ್ಕೆ ಮೂಗಿಟ್ಟರೆ ಲವಂಗ! ಬಾಳೆಹಣ್ಣು! ಎರಡೂ ಯೀಸ್ಟ್ ಮಾಡುವ ಕೆಲಸ. ಲವಂಗದ ವಾಸನೆ ಕೊಡುವ ರಾಸಾಯನಿಕವನ್ನು ಗೋಧಿ-ಬಾರ್ಲಿಯ ಸಾರದಿಂದ ಅದೇ ತಯಾರಿಸುತ್ತದೆ. ಬಣ್ಣ ಕೆಂಪು ಕಲೆಸಿದ ಕಂದು. ರುಚಿಯಲ್ಲಿ ಒಣದ್ರಾಕ್ಷಿ, ಸುಟ್ಟ ಸಕ್ಕರೆ, ಕೊನೆಗೆ ಚೂರು ಚಾಕೊಲೇಟ್.

ರುಚಿ ನೋಡಲು ಮೇಜಿನ ಸುತ್ತ ಕೂತಿದ್ದ ಗೆಳೆಯರಲ್ಲಿ ಜಾಸ್ತಿ ಮಂದಿ ಕೈ ಎತ್ತಿದ್ದು ಅವೆಂಟಿನಸ್‌ಗೇ. ನಾನು ಎತ್ತಲಿಲ್ಲ. ಬಹಳ ಒಳ್ಳೇ ಬಿಯರ್, ಆದರೆ ಅದನ್ನು ಕುಡಿದ ಮೇಲೆ ಬೇರೆ ಯಾವುದನ್ನೂ ರುಚಿ ನೋಡೋಕೆ ಆಗೋದಿಲ್ಲ. ನೀವೂ ಹೀಗೆ ಸಾಲಾಗಿ ಇಟ್ಟು ನೋಡುವುದಾದರೆ ಇದನ್ನು ಕೊನೆಗೇ ಇಡಿ.

ತಿಂಡಿ ಬಂದ ಮೇಲೆ ಲೆಕ್ಕ ತಲೆಕೆಳಗಾಯಿತು. ದಾವಣಗೆರೆ ಕಡೆಯ ಗೆಳೆಯ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾಡಿಕೊಂಡು ಬಂದಿದ್ದ. ಖಾರಕ್ಕೆ ಸ್ಟ್ರಾಂಗ್ ಬಿಯರ್ ಒಗ್ಗೋದಿಲ್ಲ. ಆಲ್ಕೋಹಾಲು ಮೆಣಸಿನಕಾಯಿಯ ಉರಿಯನ್ನು ಇನ್ನೂ ಏರಿಸುತ್ತೆ, ಗ್ಯಾಸು ಅದಕ್ಕೆ ಜೊತೆಗೂಡುತ್ತೆ. ಕಾರ್ಮೆಲೀಟ್ ಮುಚ್ಚಿಟ್ಟಿದ್ದ ಶೇ. 8.4 ಒಂದು ಬಜ್ಜಿ ಕಚ್ಚಿದ ಮೇಲೆ ಪೂರ್ತಿ ಹೊರಗೆ ಬಂತು. ಬಜ್ಜಿಗೆ ಸರಿಹೋದದ್ದು ಅಳತೆಗೋಲು ಅಂತ ಮೂಲೆಯಲ್ಲಿಟ್ಟಿದ್ದ ಶೇ. 5ರ ಬ್ಲಾಂಶ್. ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದಿದ್ದ ಆ ಬಾಟಲಿಯೇ ಮೊದಲು ಖಾಲಿ. ನಿಪ್ಪಟ್ಟು, ಹುರಿದ ಕಡಲೆಬೀಜಕ್ಕೆ ದೋಂ ದ ದ್ಯೂ ಚೆನ್ನಾಗಿ ಹೊಂದಿತು. ತೆಂಗಿನಕಾಯಿ ರುಬ್ಬಿ ಹಾಕಿದ, ಖಾರ ಮಿತವಾಗಿದ್ದ ಕೋಳಿ ಸಾರಿಗೆ ಅದಕ್ಕಿಂತಲೂ ಚೆನ್ನಾಗಿ. ಸಾರಲ್ಲಿರೋ ಕೊತ್ತಂಬರಿ, ಲೋಟದಲ್ಲಿರೋ ಮಸಾಲೆ ಒಂದನ್ನೊಂದು ಎತ್ತಿ ಹಿಡಿದವು. ಬೇಳೆ ಹೋಳಿಗೆ ಜೊತೆ ಅವೆಂಟಿನಸ್ ಕುಡಿದು ನೋಡಿ. ಬೆಲ್ಲಕ್ಕೂ ಅದಕ್ಕೂ ಹಳೇ ನೆಂಟಸ್ತಿಕೆ ಇದೆಯೇನೋ ಅನ್ನಿಸುತ್ತೆ. ಕಾರ್ಮೆಲೀಟ್ ಮಾತ್ರ ಏನೂ ತಿನ್ನದೆ, ಊಟಕ್ಕೆ ಮುಂಚೆ ಕುಡಿಯುವ ಬಿಯರ್.

ಅಂದಹಾಗೆ, ಬಾಟಲಿ ಚಿಕ್ಕದು ಅಂತ ಮೋಸಹೋಗಬೇಡಿ. ದೋಂ ದ ದ್ಯೂನ 341 ಎಂ.ಎಲ್. ಬಾಟಲಿಯಲ್ಲಿ ಇರುವ ಆಲ್ಕೋಹಾಲ್ ಸುಮಾರು 31 ಎಂ.ಎಲ್. ಅದೇ ಅಳತೆಯ ಬ್ಲಾಂಶ್‌ನಲ್ಲಿ 17. ಕಾರ್ಮೆಲೀಟ್ 330ರ ಬಾಟಲಿ, ಹತ್ತಿರಹತ್ತಿರ 28. ಅವೆಂಟಿನಸ್ ಬರುವುದು ಅರ್ಧ ಲೀಟರ್ ಬಾಟಲಿಯಲ್ಲಿ, ಅಂದರೆ 41. ಒಬ್ಬರೇ ಒಂದು ಅವೆಂಟಿನಸ್ ಮುಗಿಸಿದರೆ ಹೆಚ್ಚುಕಮ್ಮಿ ಎರಡೂವರೆ ಬ್ಲಾಂಶ್ ಕುಡಿದ ಹಾಗೆ. ನಾವು ಒಂದೊಂದು ಬಾಟಲಿಯನ್ನೂ ಹಂಚಿಕೊಂಡೆವು. ಎಲ್ಲರೂ ಮೆಟ್ರೋದಲ್ಲೇ ಬಂದಿದ್ದರು.

ನನ್ನ ಆಯ್ಕೆ ದೋಂ ದ ದ್ಯೂ. ಕಾರ್ಮೆಲೀಟ್‌ನಷ್ಟು ನಯ ಅದಕ್ಕಿಲ್ಲ, ಅವೆಂಟಿನಸ್‌ನಷ್ಟು ಆಳವೂ ಇಲ್ಲ. ಆದರೆ ಬ್ಲಾಂಶ್ ಪಕ್ಕದಲ್ಲಿಟ್ಟು ಒಂದಾದ ಮೇಲೊಂದು ಕುಡಿದರೆ, ಎರಡೂ ಒಂದೇ ಮನೆಯವು ಅಂತ ಗೊತ್ತಾಗುತ್ತೆ. ಸ್ಟ್ರಾಂಗ್ ಆದ ಮೇಲೂ ವಿಟ್ಟಾಗಿಯೇ ಉಳಿದದ್ದು ಮೂರರಲ್ಲಿ ಅದೊಂದೇ. ಮನೆಗೆ ಬರುವವರನ್ನು ಮೆಚ್ಚಿಸಬೇಕಿದ್ದರೆ ಕಾರ್ಮೆಲೀಟ್ ತನ್ನಿ, ನೊರೆ ನೋಡಿಯೇ ಅರ್ಧ ಒಲಿಯುತ್ತಾರೆ. ಅವೆಂಟಿನಸ್ ಒಂದೆರಡು ಬಾಟಲಿ ಜಾಸ್ತಿ ತಂದು ತಂಪಾದ ಕತ್ತಲೆ ಜಾಗದಲ್ಲಿ ವರ್ಷಗಟ್ಟಲೆ ಇಟ್ಟರೂ ಹಾಳಾಗುವುದಿಲ್ಲ, ಒಣದ್ರಾಕ್ಷಿ ರುಚಿ ಇನ್ನೂ ಗಟ್ಟಿಯಾಗುತ್ತದೆ. ದೋಂ ದ ದ್ಯೂ ಹಾಗೆ ಕೂಡಿಡಬೇಡಿ. ಆಲ್ಕೋಹಾಲ್ ಅದನ್ನು ಕೆಡದಂತೆ ಇಟ್ಟೀತು, ಆದರೆ ಮೊದಲು ಹೋಗೋದು ಕಿತ್ತಳೆ, ಕೊತ್ತಂಬರಿಯ ಘಮ. ಅದಕ್ಕೆ ತಾನೇ ತಂದದ್ದು?