ಬೆಳಿಗ್ಗೆ ಕ್ಯೂಕೆನ್‌ಹಾಫ್, ಮಧ್ಯಾಹ್ನ ಲೈಡೆನ್

ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಟೂರ್ ಬಸ್ ಹತ್ತಿ, ಕ್ಯೂಕೆನ್‌ಹಾಫ್ ಎಂಬ ಟುಲಿಪ್ ಹೂದೋಟ ನೋಡಿ, ಅದೇ ಬಸ್ಸಿನಲ್ಲಿ ಹಿಂತಿರುಗುವವರ ಪಾಲಿಗೆ ಬರುವುದು ಆ ತೋಟದ ಅತ್ಯಂತ ಕೆಟ್ಟ ಹೊತ್ತು: ಹನ್ನೊಂದರಿಂದ ಮೂರರವರೆಗಿನ ಜನಜಂಗುಳಿ. ತೋಟ ತೆರೆಯುವುದು ಬೆಳಿಗ್ಗೆ 8ಕ್ಕೆ. ಆಗಲೇ ಒಳಗೆ ಹೋಗಿ, ಮಧ್ಯಾಹ್ನದ ಹೊತ್ತಿಗೆ ಹೊರಬಿದ್ದು, ಉಳಿದ ದಿನವನ್ನು ಹತ್ತಿರದ ಲೈಡೆನ್ ಊರಿನ ಕಾಲುವೆಗಳ ದಡದಲ್ಲಿ ಕಳೆದರೆ ಕೊಟ್ಟ ದುಡ್ಡಿಗೆ ಪೂರ್ತಿ ನ್ಯಾಯ ಸಿಗುತ್ತದೆ.

ತೋಟ ಇರುವುದು ಲಿಸ್ಸೆ ಎಂಬ ಪುಟ್ಟ ಊರಿನಲ್ಲಿ. ಅಲ್ಲಿಗೆ ರೈಲಿಲ್ಲ. ಲೈಡೆನ್ ಸೆಂಟ್ರಾಲ್ ನಿಲ್ದಾಣದಿಂದ 854, ಸ್ಕಿಪೋಲ್ ವಿಮಾನ ನಿಲ್ದಾಣದಿಂದ 858 ನಂಬರಿನ ಬಸ್ಸುಗಳು ತೋಟದ ಬಾಗಿಲಿಗೇ ಬಿಡುತ್ತವೆ. ಲೈಡೆನ್‌ನಿಂದ ಅರ್ಧ ಗಂಟೆಯೊಳಗಿನ ದಾರಿ. ಸಂಜೆ ನಾಲ್ಕೈದರ ಹೊತ್ತಿಗೆ ಸ್ಕಿಪೋಲ್ ಬಸ್ಸಿನ ಸಾಲು ಬಹಳ ಉದ್ದವಾಗುತ್ತದೆ. ಲೈಡೆನ್ ದಾರಿ ಹಿಡಿಯಲು ಅದೂ ಒಂದು ಕಾರಣ. ಟಿಕೆಟ್ ಆನ್‌ಲೈನ್‌ನಲ್ಲೇ ಕೊಳ್ಳಿ. ದೊಡ್ಡವರಿಗೆ ಸುಮಾರು 20 ಯುರೋ, 4ರಿಂದ 17 ವರ್ಷದವರಿಗೆ ಹೆಚ್ಚುಕಮ್ಮಿ ಅದರ ಅರ್ಧ, ಅದಕ್ಕಿಂತ ಚಿಕ್ಕ ಮಕ್ಕಳಿಗೆ ಉಚಿತ. ಬಸ್ಸೂ ಸೇರಿದ ಕಾಂಬಿ ಟಿಕೆಟ್ ಸಿಗುತ್ತದೆ. ಟಿಕೆಟ್ಟಿನಲ್ಲಿ ನಮೂದಾಗಿರುವ ಸಮಯ ಒಳಗೆ ಹೋಗುವುದಕ್ಕೆ ಮಾತ್ರ. ಹೋದ ಮೇಲೆ ಎಷ್ಟು ಹೊತ್ತಾದರೂ ಇರಬಹುದು.

ರೈಲು, ಬಸ್ಸುಗಳಲ್ಲಿ ಬ್ಯಾಂಕ್ ಕಾರ್ಡನ್ನೇ ಯಂತ್ರಕ್ಕೆ ತಾಗಿಸಿ ಹೋಗಬಹುದು. ಭಾರತದ ಕಾರ್ಡುಗಳಲ್ಲಿ ವಿದೇಶಿ ಬಳಕೆ, ಕಾಂಟ್ಯಾಕ್ಟ್‌ಲೆಸ್ ಎರಡೂ ಮೊದಲಿನಿಂದ ಬಂದ್ ಆಗಿರುತ್ತವೆ. ಹೊರಡುವ ಮುನ್ನವೇ ಬ್ಯಾಂಕಿನ ಆ್ಯಪ್‌ನಲ್ಲಿ ತೆರೆದುಕೊಳ್ಳಿ. ಹತ್ತುವಾಗ ತಾಗಿಸಿದ ಕಾರ್ಡನ್ನೇ ಇಳಿಯುವಾಗಲೂ ತಾಗಿಸಬೇಕು. ಫೋನಿಗೂ ಕಾರ್ಡಿಗೂ ಅದಲುಬದಲು ಮಾಡಿದರೆ ಲೆಕ್ಕ ತಪ್ಪಿ ಹೆಚ್ಚು ದುಡ್ಡು ಕಡಿತವಾಗುತ್ತದೆ.

ಈಗ ತೋಟದ ವಿಷಯ. 32 ಹೆಕ್ಟೇರ್, ಅಂದರೆ ನಮ್ಮ ಲಾಲ್‌ಬಾಗ್‌ನ ಮೂರನೇ ಒಂದು ಪಾಲು. ಅಷ್ಟರಲ್ಲೇ ಪ್ರತಿ ಶರತ್ಕಾಲದಲ್ಲಿ ಸುಮಾರು 70 ಲಕ್ಷ ಗೆಡ್ಡೆಗಳನ್ನು ಕೈಯಿಂದ ನೆಡುತ್ತಾರೆ. ತೆರೆದಿರುವುದು ಮಾರ್ಚ್ ಮೂರನೇ ವಾರದಿಂದ ಮೇ ಮಧ್ಯದವರೆಗೆ, ಎಂಟೇ ವಾರ. ಇಷ್ಟು ದಿನವೂ ಹೂ ತಪ್ಪದಿರುವ ಗುಟ್ಟು ನೆಡುವ ಕ್ರಮದಲ್ಲಿದೆ: ಒಂದೇ ಪಾತಿಯ ತಳದಲ್ಲಿ ತಡವಾಗಿ ಅರಳುವ ಟುಲಿಪ್, ಅದರ ಮೇಲೆ ಬೇಗ ಅರಳುವ ತಳಿ, ಎಲ್ಲಕ್ಕಿಂತ ಮೇಲೆ ಕ್ರೋಕಸ್. ಒಂದು ಬಾಡುವಷ್ಟರಲ್ಲಿ ಇನ್ನೊಂದು ತಲೆ ಎತ್ತುತ್ತದೆ. ಹಾಗಾಗಿ ಮಾರ್ಚ್ ಕೊನೆಗೆ ಹೋದವರಿಗೆ ಕ್ರೋಕಸ್, ಡ್ಯಾಫೋಡಿಲ್ ಹೆಚ್ಚು, ಟುಲಿಪ್ ಕಡಿಮೆ. ಏಪ್ರಿಲ್ ನಡುವಿನಲ್ಲಿ ಹಯಸಿಂತ್‌ನ ಪರಿಮಳದ ಜೊತೆ ಟುಲಿಪ್‌ನ ತುಂಬು ಕಾಲ.

ಗೋಡೆಯಾಚೆಗಿನ ಹೊಲಗಳ ಲೆಕ್ಕವೇ ಬೇರೆ, ಅನೇಕರು ನಿರಾಶರಾಗುವುದು ಇಲ್ಲೇ. ಆ ರೈತರ ಬೆಳೆ ಗೆಡ್ಡೆಯೇ ಹೊರತು ಹೂವಲ್ಲ. ಹೂ ಅರಳಿ, ತಳಿ ಸರಿಯಾಗಿದೆಯೇ ಎಂದು ನೋಡಿದ ಮೇಲೆ ಯಂತ್ರದಿಂದ ಹೂಗಳನ್ನು ಸವರಿಬಿಡುತ್ತಾರೆ. ಬೀಜಕ್ಕೆ ಹೋಗುವ ಸತ್ವ ಗೆಡ್ಡೆಗೆ ಇಳಿಯಲಿ ಎಂದು. ನಿನ್ನೆ ಕೆಂಪಾಗಿದ್ದ ಹೊಲ ಇಂದು ಬರೀ ಹಸಿರು. ಮೇ ತಿಂಗಳಲ್ಲಿ ತೋಟ ತುಂಬಿದ್ದರೂ ಹೊಲ ಬೋಳಾಗಿರಬಹುದು. ಹೊಲವೂ ಬೇಕೆಂದರೆ ಏಪ್ರಿಲ್ ಎರಡು, ಮೂರನೇ ವಾರವೇ ಸರಿ. ಚಳಿಗಾಲ ಬೆಚ್ಚಗಿದ್ದ ವರ್ಷ ಇನ್ನೂ ಸ್ವಲ್ಪ ಮೊದಲು. ದಯವಿಟ್ಟು ಫೋಟೊಕ್ಕಾಗಿ ಸಾಲುಗಳೊಳಗೆ ಇಳಿಯಬೇಡಿ. ತುಳಿದ ಗಿಡದ ಗೆಡ್ಡೆ ಬಲಿಯುವುದಿಲ್ಲ, ಬೂಟಿನ ಮಣ್ಣಿನ ಜೊತೆ ರೋಗ ಒಂದು ಹೊಲದಿಂದ ಇನ್ನೊಂದಕ್ಕೆ ದಾಟುತ್ತದೆ. ಅದು ಒಬ್ಬರ ಜೀವನೋಪಾಯ. ರಸ್ತೆಯಂಚಿನಲ್ಲಿ ಕೂತು, ಕ್ಯಾಮೆರಾ ತಗ್ಗಿಸಿ ಹಿಡಿದರೆ ಹೂವಿನ ನಡುವೆ ನಿಂತಂತೆಯೇ ಚಿತ್ರ ಬರುತ್ತದೆ.

ಒಳಗೆ ಹೋದ ತಕ್ಷಣ ಮೊದಲು ಗಾಳಿಗಿರಣಿಯ ಕಡೆ ನಡೆಯಿರಿ. 1892ರ ಈ ಗಿರಣಿಯನ್ನು ಖ್ರೋನಿಂಗನ್ ಪ್ರಾಂತ್ಯದಿಂದ ತಂದು 1957ರಲ್ಲಿ ಇಲ್ಲಿ ನಿಲ್ಲಿಸಿದರು. ಅದರ ಕಟ್ಟೆಯಿಂದ ಹೊಲಗಳ ಪಟ್ಟೆಗಳು ಕಾಣುತ್ತವೆ. ಹತ್ತರ ನಂತರ ಅಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಹೊಲಗಳ ನಡುವೆ ಮುಕ್ಕಾಲು ಗಂಟೆ ಸುತ್ತಿಸುವ ದೋಣಿಯೂ ಅಲ್ಲಿಂದಲೇ ಹೊರಡುತ್ತದೆ, ಟಿಕೆಟ್ ಬೇರೆ. ಕೊಳ್ಳುವ ಮೊದಲು ಕಟ್ಟೆ ಹತ್ತಿ ಹೊಲಗಳಲ್ಲಿ ಹೂ ಉಳಿದಿದೆಯೇ ನೋಡಿ. ಸವರಿದ್ದರೆ ದೋಣಿ ಬೇಡ. ವಿಲ್ಲೆಮ್ ಅಲೆಕ್ಸಾಂಡರ್ ಮಂಟಪದ ಟುಲಿಪ್‌ಗಳು, ಬೆಯಾಟ್ರಿಕ್ಸ್ ಮಂಟಪದ ಆರ್ಕಿಡ್‌ಗಳು ಸೂರಿನಡಿ ಇರುವುದರಿಂದ ಮಳೆ ಬಂದಾಗ ನೋಡಲು ಉಳಿಸಿಕೊಳ್ಳಿ. ಮಳೆ ಬಂದೇ ಬರುತ್ತದೆ. ಗಾಳಿಗೆ ಕೊಡೆ ಮಗುಚುತ್ತದೆ, ಟೋಪಿಯಿರುವ ರೇನ್‌ಕೋಟೇ ಬೇಕು.

ಊಟ ಈ ತೋಟದ ದುರ್ಬಲ ಅಂಗ. ಫ್ರೈಸ್, ಪ್ಯಾನ್‌ಕೇಕ್, ಸಕ್ಕರೆ ಪುಡಿ ಉದುರಿಸಿದ ಪೊಫರ್ಚೆಸ್ ಎಂಬ ಪುಟ್ಟ ಉಬ್ಬಿದ ಪ್ಯಾನ್‌ಕೇಕ್, ಇಷ್ಟಕ್ಕೇ ದುಬಾರಿ ಬೆಲೆ. ಈ ದೇಶದಲ್ಲಿ ಕೆಲವು ಕಡೆ ಫ್ರೈಸನ್ನು ದನದ ಕೊಬ್ಬಿನಲ್ಲಿ ಕರಿಯುವ ರೂಢಿ ಇನ್ನೂ ಇದೆ. ಸಸ್ಯಾಹಾರಿಗಳು ಕೇಳಿಯೇ ತೆಗೆದುಕೊಳ್ಳಬೇಕು. ಚಪಾತಿ ಸುತ್ತಿಯೋ ಚಿತ್ರಾನ್ನ ಕಟ್ಟಿಯೋ ಒಯ್ದರೆ ಕೂರಲು ಬೆಂಚುಗಳಿಗೆ ಕೊರತೆಯಿಲ್ಲ.

ವಾರದ ದಿನಗಳಲ್ಲಿ ಬುಧವಾರ ಒಳ್ಳೆಯದು. ಶನಿವಾರ, ಭಾನುವಾರಗಳ ನೂಕುನುಗ್ಗಲು ಇರುವುದಿಲ್ಲ, ಲೈಡೆನ್‌ನಲ್ಲಿ ನ್ಯೂವೆ ರೈನ್ ಕಾಲುವೆಯ ದಡದ ಸಂತೆಯೂ ಅಂದೇ ಇರುತ್ತದೆ. ನಡುವೆ ಪಾಕ ಹಚ್ಚಿದ ತೆಳು ಬಿಲ್ಲೆ ಸ್ಟ್ರೋಪ್‌ವಾಫಲನ್ನು ಬಿಸಿ ಬಿಸಿಯಾಗಿ ಅಲ್ಲೇ ತಿನ್ನಬೇಕು, ಪೊಟ್ಟಣದ್ದಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ. ಸಂಜೆ ಐದರ ಹೊತ್ತಿಗೆ ಅಂಗಡಿ ಎತ್ತುತ್ತಾರೆ. ಹೂವಿನ ಮೆರವಣಿಗೆ ಲಿಸ್ಸೆ ಹಾದುಹೋಗುವ ಏಪ್ರಿಲ್‌ನ ಆ ಶನಿವಾರವನ್ನೂ, ಏಪ್ರಿಲ್ 27ರ ರಾಜನ ಹುಟ್ಟುಹಬ್ಬವನ್ನೂ ಬಿಡಿ, ರೈಲಿನಲ್ಲಿ ಕಾಲಿಡಲಾಗುವುದಿಲ್ಲ.

ಲೈಡೆನ್‌ನಲ್ಲಿ ಸಮಯ ಕಡಿಮೆಯಿದ್ದರೆ ರಾಪನ್‌ಬುರ್ಖ್ ಕಾಲುವೆಯ ದಡದಲ್ಲಿರುವ ಹಾರ್ಟಸ್ ಬೊಟಾನಿಕಸ್ ಒಂದನ್ನೇ ನೋಡಿ. ಇದು ವಿಶ್ವವಿದ್ಯಾಲಯ 1590ರಲ್ಲಿ ಶುರು ಮಾಡಿದ ಸಸ್ಯೋದ್ಯಾನ. ಸಸ್ಯವಿಜ್ಞಾನಿ ಕರೋಲಸ್ ಕ್ಲೂಸಿಯಸ್ 1593ರಲ್ಲಿ ಇಲ್ಲಿಗೆ ಬಂದು ಬೆಳೆಸಿದ ಟುಲಿಪ್ ಮರುವರ್ಷ ಅರಳಿತು. ಅವನ ಕಾಲದ ತೋಟವನ್ನು ಮತ್ತೆ ಕಟ್ಟಿದ್ದಾರೆ: ಚಿಕ್ಕ ಚಿಕ್ಕ ಪಾತಿಗಳು, ಒಂದೊಂದರಲ್ಲಿ ಕೆಲವೇ ಗಿಡ. ಬೆಳಿಗ್ಗೆ ಲಕ್ಷಗಟ್ಟಲೆ ನೋಡಿದ ಹೂವು ಈ ದೇಶದಲ್ಲಿ ಬೇರೂರಿದ್ದು ಹೇಗೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಹತ್ತಿರದ ದಿಬ್ಬದ ಮೇಲಿನ ಹಳೆಯ ಬುರ್ಖ್ಟ್ ಕೋಟೆಗೆ ಟಿಕೆಟ್ ಇಲ್ಲ, ಊರಿನ ಹೆಂಚಿನ ಮಾಡುಗಳೆಲ್ಲ ಅಲ್ಲಿಂದ ಕಾಣುತ್ತವೆ.

ಗೆಡ್ಡೆ ಕೊಂಡು ಊರಿಗೆ ಒಯ್ಯುವ ಆಸೆ ಬೇಡ. ನೆಡುವ ಗೆಡ್ಡೆ ಸಿಗುವುದು ಶರತ್ಕಾಲದಲ್ಲಿ. ವಸಂತದಲ್ಲಿ ಆರ್ಡರ್ ಮಾತ್ರ ಬರೆದುಕೊಳ್ಳುತ್ತಾರೆ. ಭಾರತಕ್ಕೆ ತರಲು ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ತಂದರೂ ಟುಲಿಪ್ ಗೆಡ್ಡೆಗೆ ಮೂರು ತಿಂಗಳಿಗೂ ಹೆಚ್ಚು ಕಾಲ ಫ್ರಿಜ್ಜಿನಷ್ಟು ಚಳಿ ಸಿಗದೆ ಮೊಗ್ಗು ಸರಿಯಾಗಿ ಮೇಲೇಳದು, ಬೆಂಗಳೂರಿನ ಡಿಸೆಂಬರ್ ಅದಕ್ಕೆ ಸಾಲದು.