ಎಂಟು ಜನ, ಮೂರು ಮಿನಿ ಪಿಸಿ: ಕೆ3ಎಸ್ ಬೇಕಾ, ಕಾಂಪೋಸ್ ಸಾಕಾ?

ವಿಜಯನಗರದ ನಮ್ಮ ಮನೆಗೆ ಭಾನುವಾರ ಬೆಳಿಗ್ಗೆ ಎಂಟು ಹುಡುಗ ಹುಡುಗಿಯರು ಪೈಥಾನ್ ಕಲಿಯೋಕೆ ಬರುತ್ತಾರೆ. ಅರ್ಧ ಜನರ ಲ್ಯಾಪ್‌ಟಾಪ್‌ನಲ್ಲಿ ಇರೋದೇ 4 ಜಿಬಿ ರ‍್ಯಾಮ್. ಹಾಗಾಗಿ ನನ್ನ ಮಷಿನ್‌ನಲ್ಲೇ ಒಬ್ಬೊಬ್ಬರಿಗೆ ಒಂದು ಕೋಡ್-ಸರ್ವರ್ ಕಂಟೇನರ್ ಕೊಟ್ಟೆ, ಅಂದ್ರೆ ಒಂದೇ ಪಿಸಿಯೊಳಗೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಖಾನೆ. ಎಡಿಟರ್, ಟರ್ಮಿನಲ್ ಎಲ್ಲ ಬ್ರೌಸರ್‌ನಲ್ಲೇ.

ಮೊದಲು 16 ಜಿಬಿಯ ಒಂದೇ ಪಿಸಿ, ಅದರಲ್ಲಿ ಹಲವು ಕಂಟೇನರ್ ಒಟ್ಟಿಗೆ ನಡೆಸುವ ಡಾಕರ್ ಕಾಂಪೋಸ್. ಒಂದು ಸಂಜೆಯಲ್ಲಿ ಕೆಲಸ ಮುಗಿಯಿತು. ಎರಡನೇ ವಾರ ಒಬ್ಬ ನಿಲ್ಲದ ಲೂಪ್ ಬರೆದು ಅದರೊಳಗೆ ಲಿಸ್ಟಿಗೆ ಸೇರಿಸುತ್ತಲೇ ಹೋದ. ಫ್ಯಾನ್ ಕೂಗತೊಡಗಿತು, ಎಂಟೂ ಸ್ಕ್ರೀನ್ ನಿಂತವು, "ಸರ್, ನಂದೂ ಹ್ಯಾಂಗ್ ಸರ್" ಅಂತ ಹಾಲ್ ತುಂಬಾ ಗಲಾಟೆ. ಮೆಮೊರಿ ಲಿಮಿಟ್ ಹಾಕದೇ ಇದ್ದದ್ದು ನನ್ನ ತಪ್ಪು. ನಾನು ಬೈದದ್ದು ಮಾತ್ರ ಕಾಂಪೋಸನ್ನ.

ಎಸ್.ಪಿ. ರೋಡಿಗೆ ಹೋಗಿ ಚೌಕಾಸಿ ಮಾಡಿ 8 ಜಿಬಿಯ ಮೂರು ಹಳೇ ಮಿನಿ ಪಿಸಿ ತಂದೆ. ಹಲವು ಪಿಸಿಗಳನ್ನು ಒಂದು ಕ್ಲಸ್ಟರ್ ಆಗಿ ಸೇರಿಸಿ ಕಂಟೇನರ್ ನಡೆಸೋದು ಕುಬರ್ನೆಟೀಸ್, ಅದರ ಹಗುರ ರೂಪ ಕೆ3ಎಸ್. ಹಾಕೋದು ಸುಲಭ, ಒಂದೇ ಬೈನರಿ ಫೈಲು. ಕಂಟೇನರನ್ನು ಅದು ಪಾಡ್ ಎಂಬ ಹೊದಿಕೆಯಲ್ಲಿ ಇಡುತ್ತದೆ, ಇಲ್ಲಿ ಒಬ್ಬರಿಗೆ ಒಂದು. ಪ್ರತಿ ಪಾಡ್‌ಗೆ 1.5 ಜಿಬಿ ಲಿಮಿಟ್. ಅದೇ ಹುಡುಗ, ಅದೇ ಲೂಪ್, ಈ ಸಲ ಅವನದ್ದು ಮಾತ್ರ ಬಿತ್ತು, ಎಕ್ಸಿಟ್ ಕೋಡ್ 137, ಅಂದ್ರೆ ಬಲವಂತವಾಗಿ ನಿಲ್ಲಿಸಿದ್ದು. ಖುಷಿಪಟ್ಟೆ.

ಆಮೇಲೊಂದು ಭಾನುವಾರ ಅಮ್ಮ ಕಸ ಗುಡಿಸುವಾಗ ಮೂರನೇ ಪಿಸಿಯ ವೈರು ಪೊರಕೆಗೆ ಸಿಕ್ಕಿ ಪ್ಲಗ್ ಕಳಚಿತು. ಕ್ಲಸ್ಟರ್ ಅಲ್ವಾ, ಪಾಡ್‌ಗಳು ಪಕ್ಕದ ಪಿಸಿಗೆ ಹೋಗುತ್ತವೆ ಬಿಡು ಅಂತ ಧೈರ್ಯವಾಗಿ ಕೂತೆ. ಸೆಟ್ಟಿಂಗ್ ಏನೂ ಬದಲಿಸದಿದ್ದರೆ, ಪಾಡ್ ಬೇರೆ ಕಡೆ ಹುಟ್ಟಿಸುವ ಮುಂಚೆ ಕುಬರ್ನೆಟೀಸ್ 5 ನಿಮಿಷ ಕಾಯುತ್ತದೆ. ನಾವೂ ಕಾದೆವು. ಹೊಸ ಪಾಡ್‌ಗಳು ಹುಟ್ಟಿದವು, ಆದರೆ ಪೆಂಡಿಂಗ್ ಅಂತಲೇ ನಿಂತವು. ಯಾಕಂದ್ರೆ ಕೆ3ಎಸ್ ಜೊತೆ ಬರುವ ಲೋಕಲ್-ಪಾತ್ ಸ್ಟೋರೇಜ್ ಫೈಲುಗಳನ್ನು ಆಯಾ ಪಿಸಿಯ ಡಿಸ್ಕಿನಲ್ಲೇ ಇಡುತ್ತದೆ, ಪಾಡ್ ಬೇರೆ ಕಡೆ ಹೋಗೋ ಹಾಗೇ ಇಲ್ಲ. ಸರಿ ಅಂತ ಎಲ್ಲ ಫೈಲುಗಳನ್ನು ಒಂದು ಪಿಸಿಯ, ನೆಟ್‌ವರ್ಕ್ ಮೂಲಕ ಎಲ್ಲ ಪಿಸಿಗೂ ಫೈಲು ಹಂಚುವ ಎನ್‌ಎಫ್‌ಎಸ್‌ಗೆ ಸಾಗಿಸಿದೆ. ಈಗ ಅದೊಂದು ಮಲಗಿದರೆ ಎಂಟೂ ಜನ ಮಲಗಿದ ಹಾಗೆ! ಮೂರು ಮಷಿನ್ ಕೊಂಡು ಮತ್ತೆ ಒಂದನ್ನೇ ನೆಚ್ಚಿಕೊಂಡದ್ದಾಯಿತು.

ಸುಮ್ನೆ ನೋಡೋಣ ಅಂತ ಕಾಂಪೋಸ್‌ಗೂ ಅದೇ ಲಿಮಿಟ್ ಹಾಕಿದೆ. ಸ್ವಾಪ್ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕಿನ ಜಾಗ) ಲಿಮಿಟನ್ನೂ ಅಷ್ಟೇ ಇಡಬೇಕು, ಇಲ್ಲದಿದ್ದರೆ ಇನ್ನೂ ಅಷ್ಟೇ ಸ್ವಾಪ್ ತಿಂದು ಪಿಸಿ ತೆವಳುತ್ತದೆ. ಇಲ್ಲಿ ಒಂದು ವ್ಯತ್ಯಾಸ ಕಂಡಿತು. ಡಾಕರ್‌ನಲ್ಲಿ ಪೈಥಾನ್ ಪ್ರೋಸೆಸ್ ಮಾತ್ರ ಸತ್ತು ಟರ್ಮಿನಲ್‌ನಲ್ಲಿ 'ಕಿಲ್ಡ್' ಅಂತ ಬಂತು, ಎಡಿಟರ್ ಹಾಗೇ ಇತ್ತು. ಕುಬರ್ನೆಟೀಸ್ 1.28ರಿಂದ ಈಚೆಗೆ, ಲಿನಕ್ಸ್‌ನಲ್ಲಿ ಮೆಮೊರಿ ಮಿತಿ ಕಾಯುವ ಸಿಗ್ರೂಪ್‌ನ ವಿ2 ಇದ್ದರೆ, ಇಡೀ ಕಂಟೇನರೇ ಹೋಗುತ್ತದೆ. ಕಲಿಯೋರಿಗೆ ಯಾವುದು ಒಳ್ಳೇದು ಅಂತ ಹೇಳಬೇಕಾ?

ಗಿಟ್‌ಹಬ್ ಕೋಡ್‌ಸ್ಪೇಸಸ್ ಕೂಡ ನೋಡಿದೆ, ಇಂಟರ್ನೆಟ್ಟಿನಲ್ಲಿ ಗಿಟ್‌ಹಬ್ ಕೊಡುವ ಮಷಿನ್ ಅದು, ಬ್ರೌಸರ್‌ನಲ್ಲೇ ಬಳಸಬಹುದು. ವೈಯಕ್ತಿಕ ಖಾತೆಗೆ ತಿಂಗಳಿಗೆ 120 ಕೋರ್-ಗಂಟೆ ಉಚಿತ, ಅಂದ್ರೆ 2 ಕೋರ್‌ನ ಮಷಿನ್ 60 ಗಂಟೆ. ನಮಗೆ ಧಾರಾಳ. ಮನೆಯಲ್ಲಿ ಮಷಿನ್ ಇಡೋಕೆ ಆಗದೋರು ಕಣ್ಣು ಮುಚ್ಚಿಕೊಂಡು ಇದನ್ನೇ ತಗೊಳ್ಳಿ. ಆದರೆ ಮಳೆ ಬಂದು ಇಂಟರ್ನೆಟ್ ಹೋದರೆ ಪಾಠ ಮುಗೀತು. ಮನೆಯದಾದರೆ ರೂಟರ್, ಪಿಸಿ ಎರಡೂ ಯುಪಿಎಸ್ ಮೇಲಿರುತ್ತವೆ, ವೈಫೈನಲ್ಲೇ ನಡೆಯುತ್ತದೆ.

ಈಗ ಎಂಟೂ ಜನ ಹಳೇ 16 ಜಿಬಿ ಪಿಸಿಗೆ, ಕಾಂಪೋಸ್‌ಗೇ ವಾಪಸ್. ಒಂದು ಮಿನಿ ಪಿಸಿ ರಾತ್ರಿ ಆರ್‌ಸಿಂಕ್ ಬ್ಯಾಕಪ್ ತಗೊಳ್ಳುತ್ತದೆ. ಉಳಿದೆರಡರಲ್ಲಿ ಕೆ3ಎಸ್ ಇನ್ನೂ ಇದೆ, ಕುಬರ್ನೆಟೀಸ್ ಕಲೀಬೇಕು ಅಂದ ಒಬ್ಬ ಹುಡುಗಿಗೋಸ್ಕರ. ಅವಳಿಗೆ ಕೊಟ್ಟ ಮೊದಲ ಪಾಠ: ಪ್ಲಗ್ ಕಿತ್ತು ಐದು ನಿಮಿಷ ಕಾದು ನೋಡು.